ಉಕ್ಕದ ಉಕ್ಕಿನ ಪಾತ್ರೆ

ನಮ್ಮ ಕಾರ್ಖಾನೆಯಲ್ಲಿ ಡಿಸೈನ್ ವಿಭಾಗ ಎಂದರೆ ನಾನು. ಮುಖ್ಯಸ್ಥ ನಾನೇ, ಸಿಬ್ಬಂದಿ ನಾನೇ, ಬೆಳಿಗ್ಗೆ ಬಂದು ಕಸ ಗುಡಿಸುವವನೂ ನಾನೇ. ಒಂದು ಮೇಜು, ಒಂದು ಡ್ರಾಯಿಂಗ್ ಬೋರ್ಡು, ಬಾಗಿಲಿಗೆ ‘ಡಿಸೈನ್’ ಎಂದು ಕೊರೆದ ಸ್ಟೀಲಿನ ಫಲಕ. ಫಲಕ ಕೊರೆದವನೂ ನಾನೇ. ಏಕೆಂದರೆ ಕೊರೆಯುವುದು ನನ್ನ ಮೂಲ ಕಸುಬು. ಡಿಸೈನರ್ ಆಗುವ ಮೊದಲು ನಾನು ಮಂಡಿ ಮೊಹಲ್ಲಾದಲ್ಲಿ ಇದೇ ಸಾಹುಕಾರರ ಪಾತ್ರೆ ಅಂಗಡಿಯಲ್ಲಿ ಕೂತು, ಗಿರಾಕಿಗಳು ಕೊಂಡ ಲೋಟ, ತಟ್ಟೆ, ಬಿಂದಿಗೆಗಳ ಮೇಲೆ ಮಿಷನ್ನಿನಿಂದ ಹೆಸರು ಹಾಕಿಕೊಡುತ್ತಿದ್ದೆ. ‘ವಿವಾಹದ ನೆನಪಿಗೆ’, ‘ನಾಮಕರಣದ ನೆನಪಿಗೆ’, ‘ಗೃಹಪ್ರವೇಶದ ನೆನಪಿಗೆ’ ಎಂದು ನಾನು ಬರೆದದ್ದನ್ನು ಮೈಸೂರಿನ ಜನ ಇಂದಿಗೂ ದಿನಕ್ಕೆರಡು ಸಲ ಉಜ್ಜಿ ತೊಳೆಯುತ್ತಾರೆ. ಇಷ್ಟು ಓದುಗರಿರುವ ಲೇಖಕ ಈ ಊರಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಸಾಹುಕಾರರ ಹೆಸರು ಶಿವಬಸಪ್ಪ. ಅವರದು ಮಾತು ಕಡಿಮೆ. ಕೋಪ ಬಂದರೆ ಇನ್ನೂ ಕಡಿಮೆ. ಬೇರೆಯವರು ಮಾಡಿದ ಪಾತ್ರೆ ಮಾರಿದ್ದು ಸಾಕು ಎಂದು ಊರ ಹೊರಗೆ ಸಣ್ಣದೊಂದು ಕಾರ್ಖಾನೆ ತೆರೆದಾಗ, ಬಿಡುವಿನಲ್ಲಿ ಬಿಲ್ಲಿನ ಹಿಂಬದಿಗೆ ಪಾತ್ರೆಗಳ ಚಿತ್ರ ಗೀಚುತ್ತಿದ್ದ ನನ್ನನ್ನು ಕರೆದುಕೊಂಡು ಹೋಗಿ ಆ ಮೇಜಿನ ಮುಂದೆ ಕೂರಿಸಿದರು. ಅಂದಿನಿಂದ ಮದುವೆ ಮುಂಜಿಗಳಲ್ಲಿ ಭಾವಮೈದುನರು ನನ್ನನ್ನು ಪರಿಚಯ ಮಾಡಿಕೊಡುವ ಧಾಟಿಯೇ ಬದಲಾಯಿತು. ‘ಪಾತ್ರೆ ಅಂಗಡಿ ನಾಗರಾಜು’ ಹೋಗಿ ‘ಡಿಸೈನರ್ ನಾಗರಾಜ್’ ಬಂದ. ಈ ಬಡ್ತಿಯನ್ನು ನಾನು ಸಂಬಳಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದೆ.

ನನ್ನ ಚೊಚ್ಚಲ ಕೃತಿ ಮಡಚುವ ಸೌಟು. ಇಕ್ಕಟ್ಟಾದ ಅಡುಗೆಮನೆಗಳಲ್ಲಿ ಜಾಗ ಉಳಿಸಲೆಂದು ಮಾಡಿದ್ದು. ಜಾಗವನ್ನೇನೋ ಉಳಿಸಿತು. ಆದರೆ ಬಿಸಿ ಸಾರು ತುಂಬಿಕೊಂಡೊಡನೆ ಆ ಭಾರಕ್ಕೆ ತಾನಾಗಿಯೇ ಮಡಚಿಕೊಳ್ಳುತ್ತಿತ್ತು. ಅದೂ ಪಾತ್ರೆಗೂ ಎಲೆಗೂ ನಡುವೆ, ಉಣ್ಣುವವರ ತೊಡೆಯ ನೇರಕ್ಕೆ. ಮಾರಿದ್ದಕ್ಕಿಂತ ವಾಪಸು ಬಂದ ಸೌಟುಗಳೇ ಹೆಚ್ಚು. ಅದು ಹೇಗೆ ಸಾಧ್ಯ ಎಂದು ನಮ್ಮ ಲೆಕ್ಕದವರು ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ.

ಸಾಹುಕಾರರು ನನ್ನನ್ನು ಕರೆಸಿ ಹೇಳಿದ್ದು ಇಷ್ಟೇ: “ಇನ್ನೊಂದೇ ಪಾತ್ರೆ, ನಾಗರಾಜು. ಓಡಿದ್ರೆ ಡಿಸೈನು. ಇಲ್ಲಾಂದ್ರೆ ಅಂಗಡಿ.”

ನನಗೆ ಭಯವಾಯಿತು. ಮತ್ತೆ ಅಂಗಡಿಯ ಮೂಲೆಯಲ್ಲಿ ಕೂತು ಲೋಟದ ಬೆನ್ನು ಕೊರೆಯುವುದೆಂದರೆ, ಇನ್ನೊಂದು ಮದುವೆಗೆ ಹೋಗಿ ಭಾವಮೈದುನರ ಮುಖ ನೋಡುವುದು ಹೇಗೆ? ಆದರೆ ಸಾಹುಕಾರರು ಕಠಿಣರಾದರೂ ಅನ್ಯಾಯದವರಲ್ಲ. ಬೇರೆ ಊರಿನಲ್ಲಿ ಡಿಸೈನಿನದೇ ಯಾವುದೋ ತರಬೇತಿ ನಡೆಯುತ್ತದಂತೆ, ಹೋಗಿ ಕಲಿತುಕೊಂಡು ಬನ್ನಿ ಎಂದು ನನ್ನನ್ನು ಕಳಿಸಿದರು.

ಅಲ್ಲಿ ಜುಬ್ಬಾ ತೊಟ್ಟ ಒಬ್ಬ ತೆಳ್ಳಗಿನ ಯುವಕ ನಮಗೆ ‘ಬಳಕೆದಾರ ಕೇಂದ್ರಿತ ಸಂಶೋಧನೆ’ ಎಂಬ ವಿದ್ಯೆಯನ್ನು ಬೋಧಿಸಿದ. ಅದರ ಸಾರ ಬಹಳ ಸರಳವಾಗಿತ್ತು. ಜನರನ್ನು ‘ನಿಮಗೆ ಏನು ಬೇಕು’ ಎಂದು ಕೇಳಬೇಡಿ, ಅವರಿಗೇ ಅದು ಗೊತ್ತಿರುವುದಿಲ್ಲ. ಅವರ ಮನೆಗೆ ಹೋಗಿ, ಒಂದು ಮೂಲೆಯಲ್ಲಿ ಕೂತು, ಅವರು ಬದುಕುವುದನ್ನು ನೋಡಿ. ಎಲ್ಲಿ ತಡವರಿಸುತ್ತಾರೋ, ಎಲ್ಲಿ ಗೊಣಗುತ್ತಾರೋ, ಅಲ್ಲಿ ನಿಮ್ಮ ಹೊಸ ವಸ್ತು ಹುಟ್ಟುವುದಕ್ಕೆ ಕಾಯುತ್ತಿರುತ್ತದೆ. ಆದರೆ ಒಂದು ಎಚ್ಚರ: ಏನೇ ಆದರೂ ಮಧ್ಯೆ ಕೈ ಹಾಕಬೇಡಿ! ನಮ್ಮ ಅತ್ತೆಯವರು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಮಾಡುವುದೂ ಇದನ್ನೇ ಎಂದು ನನಗೆ ಹೊಳೆಯಿತು. ಕಡೆಯ ನಿಯಮವೊಂದನ್ನು ಮಾತ್ರ ಅವರು ಪಾಲಿಸುವುದಿಲ್ಲ. ನೋಡುವುದೇ ಕೆಲಸವಾದರೆ ಅದರಲ್ಲಿ ಸೋಲುವುದಕ್ಕೆ ಏನಿದೆ? ನಾನು ನಿಶ್ಚಿಂತನಾಗಿ ಊರಿಗೆ ಮರಳಿದೆ.

ಮೊದಲ ಪ್ರಯೋಗ ಸ್ವಗೃಹದಲ್ಲೇ ಆಗಲಿ ಎಂದು ಮಾರನೆಯ ಬೆಳಿಗ್ಗೆ ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. ನನ್ನ ಹೆಂಡತಿ ಪದ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ಏನು ಬೇಕು ಎಂದಳು. ಏನೂ ಬೇಡ, ಸುಮ್ಮನೆ ನೋಡುತ್ತಿದ್ದೇನೆ ಎಂದೆ.

“ಮದುವೆಗೆ ಮುಂಚೆ ನೋಡೋಕೆ ಬಂದಾಗಲೇ ಸರಿಯಾಗಿ ನೋಡಲಿಲ್ಲ. ಈಗೇನು ಬಂತು?” ಎಂದಳು.

ಮಾತಿಗೆ ಮಾತು ಬೆಳೆಸುವುದು ನಿಯಮಬಾಹಿರ. ನಾನು ಗಂಭೀರವಾಗಿ ನೋಡುತ್ತಲೇ ಇದ್ದೆ. ಸ್ವಲ್ಪ ಹೊತ್ತು ಸಹಿಸಿಕೊಂಡವಳು ಆಮೇಲೆ ಈಳಿಗೆಮಣೆಯನ್ನೂ ಅರ್ಧ ಹೋಳು ತೆಂಗಿನಕಾಯಿಯನ್ನೂ ನನ್ನ ಮುಂದೆ ಇಟ್ಟಳು. ಕಾಯಿ ತುರಿದು ಮುಗಿಯುವ ಹೊತ್ತಿಗೆ ನನಗೆ ಒಂದು ಸತ್ಯ ಮನವರಿಕೆಯಾಗಿತ್ತು. ಸ್ವಂತ ಮನೆ ಸಂಶೋಧನೆಗೆ ಯೋಗ್ಯವಲ್ಲ.

ಆದ್ದರಿಂದ ಪರರ ಮನೆಗೆ ಹೊರಟೆ. ನಮ್ಮದು ಕುಂಬಾರಕೊಪ್ಪಲು. ಎದುರು ಮನೆಯ ಪುಟ್ಟಮ್ಮ ಒಳ್ಳೆಯ ಹೆಂಗಸು, ನಮ್ಮ ಪದ್ಮನಿಗೆ ಬೇಕಾದವರು. ನಮ್ಮ ಕಂಪನಿಯ ಕೆಲಸ, ಹೆಂಗಸರು ಅಡುಗೆಮನೆಯಲ್ಲಿ ಹೇಗೆ ಕೆಲಸ ಮಾಡುತ್ತಾರೆಂದು ತಿಳಿಯಬೇಕು ಎಂದು ಅವರಿಗೆ ವಿವರಿಸಿದೆ. ಅವರು ತಲೆಯಾಡಿಸಿದರು. ಕೊನೆಗೆ ನಾನು, ಮುಂದಿನ ಎಲ್ಲ ಅನಾಹುತಗಳಿಗೂ ತಾಯಿಬೇರಾದ ಆ ವಾಕ್ಯವನ್ನು ಉಚ್ಚರಿಸಿದೆ.

“ನೀವು ನಿಮ್ಮ ಪಾಡಿಗೆ ನಿಮ್ಮ ಕೆಲಸ ಮಾಡ್ಕೊಳಿ ಪುಟ್ಟಮ್ಮ. ನಾನು ನೋಡ್ಕೋತೀನಿ.”

ವ್ಯಾಕರಣದ ಪ್ರಕಾರ ನಾನು ಹೇಳಿದ್ದರಲ್ಲಿ ತಪ್ಪಿಲ್ಲ. ನನಗೋಸ್ಕರ ನಾನು ನೋಡುತ್ತೇನೆ ಎಂದು ಅರ್ಥ. ಆದರೆ ಪುಟ್ಟಮ್ಮ ಕೇಳಿಸಿಕೊಂಡದ್ದು ವ್ಯಾಕರಣವನ್ನಲ್ಲ. ಅವರ ಮುಖ ಅರಳಿತು. ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಮೂಲೆಯಲ್ಲಿದ್ದ ಕ್ಯಾನನ್ನು ಕೈಗೆತ್ತಿಕೊಂಡರು.

“ಆಲು ಇಟ್ಟಿವ್ನಿ ಸಾ. ಸೊಸೈಟೀಲಿ ಸೀಮೆಎಣ್ಣೆ ಕೊಡ್ತಾವ್ರಂತೆ, ಓಗಿ ಬಂದ್ಬುಡ್ತೀನಿ” ಎಂದು ಹೊರಟೇ ಹೋದರು.

ನನಗೆ ರೋಮಾಂಚನವಾಯಿತು. ಜುಬ್ಬಾದ ಯುವಕ ಹೇಳಿದ ಸಹಜ ವರ್ತನೆ ಎಂದರೆ ಇದೇ! ಬಳಕೆದಾರರು ಹಾಲನ್ನು ಒಲೆಯ ಮೇಲಿಟ್ಟು ಸೀಮೆಎಣ್ಣೆಗೆ ಹೋಗುತ್ತಾರೆ. ಇದನ್ನು ಯಾವ ಬಳಕೆದಾರರಾದರೂ ಕೇಳಿದರೆ ಹೇಳುತ್ತಿದ್ದರೇ? ನಾನು ಮಣೆ ಎಳೆದುಕೊಂಡು ಒಲೆಯ ಎದುರಿಗೆ ಕೂತೆ.

ಹಾಲು ಮೊದಲು ಅಂಚಿನಲ್ಲಿ ಸಣ್ಣ ಗುಳ್ಳೆ ಬಿಟ್ಟಿತು. ಆಮೇಲೆ ಕೆನೆ ಸುಕ್ಕುಗಟ್ಟಿತು. ಆಮೇಲೆ ನಡುವೆ ಉಬ್ಬಿತು. ಕೈ ಚಾಚಿದರೆ ಒಲೆಯ ತಿರುಪು ಸಿಗುತ್ತಿತ್ತು. ಆದರೆ ಮಧ್ಯೆ ಕೈ ಹಾಕಬಾರದು. ನಾನು ಕೈಕಟ್ಟಿಕೊಂಡೆ. ಹಾಲು ಉಕ್ಕಿತು, ಪಾತ್ರೆಯ ಮೈಮೇಲೆ ಇಳಿಯಿತು, ಒಲೆ ಆರಿಸಿತು, ಕಟ್ಟೆಯುದ್ದ ಹರಿದು ಅಕ್ಕಿ ಡಬ್ಬಿಯ ಬುಡ ಸೇರಿತು. ಕಣ್ಣು ತಪ್ಪಿಸಿದಾಗ ಮಾತ್ರ ಹಾಲು ಉಕ್ಕುತ್ತದೆ ಎನ್ನುವ ಹೆಂಗಸರ ನಂಬಿಕೆ ಸುಳ್ಳೆಂದು ಆ ದಿನ ನಾನು ಸಾಬೀತುಪಡಿಸಿದೆ. ಗ್ಯಾಸಿನ ವಾಸನೆ ಬಂದಾಗ ಮಾತ್ರ ಎದ್ದು ತಿರುಪು ಮುಚ್ಚಿದೆ. ವಿಜ್ಞಾನಕ್ಕಿಂತ ಪ್ರಾಣ ದೊಡ್ಡದು.

ಪುಟ್ಟಮ್ಮ ಕ್ಯಾನು ತುಂಬಿಸಿಕೊಂಡು ಬಂದವರು ಬಾಗಿಲಲ್ಲೇ ನಿಂತರು.

“ಏನ್ ಸಾ ಇದು? ನೋಡ್ಕೋತೀನಿ ಅಂದ್ರಲ್ಲ?”

“ನೋಡ್ದೆ ಕಣಮ್ಮ. ಮೊದಲಿಂದ ಕೊನೇತನಕ ನೋಡ್ದೆ.”

ಅವರು ನನ್ನನ್ನು ನೋಡಿದರು. ಆಮೇಲೆ ಮಸಿಬಟ್ಟೆ ತಂದು ನನ್ನ ಕೈಗೆ ಕೊಟ್ಟರು. ಕಟ್ಟೆ ಒರೆಸಿ, ಒಲೆ ಒರೆಸಿ, ಡಬ್ಬಿ ಒರೆಸಿ ಮನೆಗೆ ಹೋದೆ. ಪದ್ಮ ನಮ್ಮ ಮನೆಯ ಹಾಲನ್ನು ತೆಗೆದುಕೊಂಡು ಹೋಗಿ ಅವರಿಗೆ ಕೊಟ್ಟು ಬಂದಳು. ಆ ದಿನ ನಮಗೆ ಕರಿ ಕಾಫಿ.

ಇಷ್ಟಾದರೂ ದೋಷ ನನ್ನ ವಾಕ್ಯದಲ್ಲಿದೆ ಎಂದು ನನಗೆ ತೋಚಲಿಲ್ಲ. ಪುಟ್ಟಮ್ಮನವರದೇ ತಿಳಿವಳಿಕೆ ಸಾಲದು ಎಂದುಕೊಂಡೆ. ಆದ್ದರಿಂದ ಮುಂದಿನ ಪ್ರಯೋಗಕ್ಕೆ ವಿದ್ಯಾವಂತರನ್ನೇ ಆರಿಸಿದೆ. ಪದ್ಮನ ಪರಿಚಯದ ಒಬ್ಬ ಟೀಚರು ವಿಜಯನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡಿದ್ದರು. ಅಲ್ಲಿಗೆ ಹೋಗಿ ಅದೇ ಪೀಠಿಕೆ ಹಾಕಿ, ಅದೇ ಮಾತು ಹೇಳಿದೆ: ನೀವು ನಿಮ್ಮ ಪಾಡಿಗೆ ಇರಿ ಮೇಡಂ, ನಾನು ನೋಡ್ಕೋತೀನಿ.

ದೇವರೇ ಕಳಿಸಿದ ಹಾಗೆ ಬಂದಿರಿ ಎಂದರು ಮೇಡಂ. ಸಿಲಿಂಡರಿನವನು ಬರುತ್ತಾನೆ, ಹಾಲು ಒಲೆಯ ಮೇಲಿದೆ, ಅತ್ತೆ ಒಳಗೆ ಮಲಗಿದ್ದಾರೆ ಎಂದು ಪಟ್ಟಿ ಒಪ್ಪಿಸಿ, ಚೀಲ ಹೆಗಲಿಗೇರಿಸಿ ಸ್ಕೂಲಿಗೆ ಹೋದರು. ವಿದ್ಯಾವಂತರ ವರ್ತನೆಗೂ ಪುಟ್ಟಮ್ಮನವರ ವರ್ತನೆಗೂ ಇರುವ ಸಾಮ್ಯ ಕಂಡು ನನಗೆ ಬೆರಗಾಯಿತು. ಅಷ್ಟರಲ್ಲಿ ಸಿಲಿಂಡರಿನವನು ಬಂದ. ಅವನಿಗೆ ರುಜು ಹಾಕಿ ಕೊಡುವಷ್ಟರಲ್ಲಿ ಒಳಗೆ ಹಾಲು ತನ್ನ ಕೆಲಸ ಮುಗಿಸಿತ್ತು. ಸುಟ್ಟ ವಾಸನೆಗೆ ಅತ್ತೆ ಎದ್ದು ಬಂದು, ಯಾರಪ್ಪ ನೀನು ಎಂದರು. ನೋಡುವುದಕ್ಕೆ ಬಂದವನು ಎಂದೆ.

“ನಮ್ಮನೇಲಿ ಮದುವೆಗಿರೋರು ಯಾರೂ ಇಲ್ವಲ್ಲಪ್ಪ” ಎಂದರು ಅವರು, ಪಾಪ, ನಿಜವಾದ ವ್ಯಥೆಯಿಂದ.

ಅವರಿಗೆ ಕಾಫಿಗೆ ಹಾಲಿರಲಿಲ್ಲ. ನಾನೇ ಹೋಗಿ ಹಾಲಿನ ಪ್ಯಾಕೆಟ್ಟು ತಂದೆ, ನಾನೇ ಕಾಯಿಸಿದೆ. ಸೊಸೆ ಬರುವ ತನಕ ಅವರ ಮಂಡಿನೋವಿನ ಚರಿತ್ರೆ ಕೇಳಿದೆ.

ಇಂಥ ಸುದ್ದಿ ಬಲು ಬೇಗ ಹಬ್ಬುತ್ತದೆ. ನಾಗರಾಜು ಹಗಲು ಹೊತ್ತು ಮನೆ ನೋಡಿಕೊಳ್ಳುತ್ತಾರಂತೆ, ಬೇರೇನೂ ಕೇಳುವುದಿಲ್ಲವಂತೆ ಎಂಬ ಮಾತು ನಮ್ಮ ಬೀದಿ ದಾಟಿ ಹಿಂದಿನ ಬೀದಿಗೂ ಹೋಯಿತು. ನಾನು ಹುಡುಕಿಕೊಂಡು ಹೋಗುವುದು ತಪ್ಪಿ, ಜನರೇ ನನ್ನನ್ನು ಹುಡುಕಿಕೊಂಡು ಬಂದರು. ಒಬ್ಬರು ಬೀಗದ ಕೈ ಕೊಟ್ಟು ಹೋದರು. ಒಬ್ಬರು ಮಹಡಿಯ ಮೇಲೆ ಸಂಡಿಗೆ ಹಾಕಿದ್ದೇವೆ, ಕಾಗೆ ಬಾರದ ಹಾಗೆ ಸ್ವಲ್ಪ ನೋಡಿಕೊಳ್ಳಿ ಎಂದರು. ನಾನು ಪ್ರತಿಯೊಂದನ್ನೂ ಸಂಶೋಧನೆಯ ಅವಕಾಶ ಎಂದು ಸ್ವೀಕರಿಸಿದೆ. ಕಾಗೆಗಳ ವರ್ತನೆಯ ಬಗ್ಗೆ ನನಗೆ ಈಗಲೂ ಒಳ್ಳೆಯ ತಿಳಿವಳಿಕೆಯಿದೆ.

ಒಂದು ದಿನ ಪದ್ಮ ಬೀದಿ ನಲ್ಲಿಯಿಂದ ಬಂದವಳು ಬಿಂದಿಗೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಇಳಿಸಿದಳು. ನಲ್ಲಿಯ ಹತ್ತಿರ ಯಾರೋ ಅವಳನ್ನು ಪಕ್ಕಕ್ಕೆ ಕರೆದು, ನಿಮ್ಮ ಯಜಮಾನರಿಗೆ ಕೆಲಸ ಹೋಯಿತಂತೆ, ಬೇಜಾರು ಮಾಡಿಕೊಳ್ಳಬೇಡಿ ಎಂದು ಸಮಾಧಾನ ಹೇಳಿದ್ದರಂತೆ.

“ಊರೋರ ಮನೆ ಹಾಲೆಲ್ಲ ನೋಡ್ಕೋತೀರ. ನಮ್ಮನೇದು ಒಂದು ದಿನ ನೋಡ್ಕೊಂಡಿದೀರಾ?”

ಸ್ವಂತ ಮನೆ ಸಂಶೋಧನೆಗೆ ಯೋಗ್ಯವಲ್ಲ ಎಂಬ ತತ್ವವನ್ನು ಅವಳಿಗೆ ತಿಳಿಸಿದೆ. ಆ ಸಂಜೆ ಊಟಕ್ಕೆ ಸಾರಿರಲಿಲ್ಲ.

ಆದರೂ ನಾನು ಧೃತಿಗೆಡಲಿಲ್ಲ. ನನ್ನ ಕೈಗೆ ನಿಧಿ ಸಿಕ್ಕಿತ್ತು. ನಾನು ಅಧ್ಯಯನ ಮಾಡಿದ ಎಲ್ಲ ಮನೆಗಳಲ್ಲೂ ಹಾಲು ಉಕ್ಕಿತ್ತು! ಎಲ್ಲ ಮನೆಗಳಲ್ಲೂ ಹಾಲಿಗೆ ಕಾವಲಿದ್ದವನು ನಾನೇ ಎಂಬ ಸಂಗತಿಗೆ ಆಗ ಮಹತ್ವ ಕೊಡಲಿಲ್ಲ. ಎಲ್ಲ ಹೆಂಗಸರೂ ಉಕ್ಕಿದ ಹಾಲನ್ನು ನೋಡಿ ಗೊಣಗಿದ್ದರು, ಕೆಲವರು ಗೊಣಗುವುದಕ್ಕಿಂತ ಹೆಚ್ಚಿನದನ್ನೂ ಮಾಡಿದ್ದರು. ಗೊಣಗುವ ಕಡೆ ಹೊಸ ವಸ್ತು ಕಾದಿರುತ್ತದೆ. ಮೈಸೂರಿನ ಮನೆಗಳಿಗೆ ಬೇಕಾದದ್ದು ಹಾಲು ಉಕ್ಕದ ಪಾತ್ರೆ.

ಅದನ್ನು ಮಾಡಿಯೂ ಮಾಡಿದೆ. ಪಾತ್ರೆಯ ಬಾಯಿಗೆ ತಟ್ಟೆಯಂತೆ ಅಗಲವಾದ ಒಂದು ಕೊರಳು, ಆ ಕೊರಳಿನಲ್ಲಿ ಸುತ್ತಲೂ ಸಣ್ಣ ತೂತುಗಳು. ಹಾಲು ಉಕ್ಕಿ ಮೇಲೇರಿದರೆ ತಟ್ಟೆಯಲ್ಲಿ ಹರಡಿ, ತಣ್ಣಗಾಗಿ, ತೂತುಗಳಿಂದ ಮತ್ತೆ ಪಾತ್ರೆಯೊಳಕ್ಕೇ ಇಳಿದುಬಿಡುತ್ತದೆ. ಹೆಸರಿಗೂ ತಡಕಾಡಬೇಕಾಗಲಿಲ್ಲ. ಪಾತ್ರೆ ಉಕ್ಕಿನದು, ಹಾಲು ಉಕ್ಕದು. ‘ಉಕ್ಕದ ಉಕ್ಕಿನ ಪಾತ್ರೆ’! ಈ ಹೆಸರು ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ.

ಸಾಹುಕಾರರ ಎದುರಿಗೆ ಪರೀಕ್ಷೆ ನಡೆಯಿತು. ಸಣ್ಣ ಉರಿ, ದೊಡ್ಡ ಉರಿ, ಅರ್ಧ ಪಾತ್ರೆ, ಮುಕ್ಕಾಲು ಪಾತ್ರೆ. ಹಾಲು ಕೊರಳಿಗೆ ಬಂದು, ಗೌರವದಿಂದ ಹಿಂದಿರುಗಿತು. ಸಾಹುಕಾರರು ಬಗ್ಗಿ ನೋಡಿದರು, ಸುತ್ತು ಬಂದು ನೋಡಿದರು. ಆಮೇಲೆ ನಕ್ಕರು. ಅವರ ಹಲ್ಲನ್ನು ನಾನು ಅದೇ ಮೊದಲು ಕಂಡದ್ದು.

ಆಗ ಅವರ ಹೊಸ ಮನೆಯ ಗೃಹಪ್ರವೇಶ ಹತ್ತಿರದಲ್ಲಿತ್ತು. ಮನೆ ವಿಜಯನಗರದಲ್ಲಿ. ಅವರ ತಾಯಿ, ನಾವೆಲ್ಲ ಅಮ್ಮಾವ್ರು ಎಂದು ಕರೆಯುವವರು, ಮಂಡಿ ಮೊಹಲ್ಲಾದಲ್ಲಿ ಅಂಗಡಿಯ ಮೇಲಿನ ಮನೆ ಬಿಟ್ಟು ಬರುವುದಕ್ಕೆ ಒಪ್ಪಿರಲಿಲ್ಲ. ಕೊನೆಗೆ, ಹೊಸ ಮನೆಯಲ್ಲಿ ಹಾಲು ಚೆನ್ನಾಗಿ ಉಕ್ಕಲಿ, ಆಮೇಲೆ ನೋಡೋಣ ಎಂದಿದ್ದರಂತೆ. ಈ ಮಾತನ್ನು ಸಾಹುಕಾರರೇ ನನ್ನೆದುರಿಗೆ ಹೇಳಿದರು. ಊರೂರಿನ ಪಾತ್ರೆ ವ್ಯಾಪಾರಿಗಳೆಲ್ಲ ಆ ದಿನ ಬರುತ್ತಾರೆ, ಹೊಸ ಪಾತ್ರೆಯನ್ನು ಅಲ್ಲೇ ಒಂದು ಮೇಜಿನ ಮೇಲಿಟ್ಟು ತೋರಿಸಿದರೆ ಹೇಗೆ ಎಂದೂ ಕೇಳಿದರು. ಮೇಜಿನ ಮೇಲಿಟ್ಟರೆ ಅದರ ಗುಣ ಗೊತ್ತಾಗುವುದು ಹೇಗೆ? ನನ್ನ ನಾಲಿಗೆಗೆ ಶನಿ ಹಿಡಿದದ್ದು ಆ ಕ್ಷಣದಲ್ಲಿ.

“ಒಲೆ ಹೊತ್ತಿಸ್ತಾರಲ್ಲ ಸಾರ್, ಆ ಹಾಲನ್ನೇ ನಮ್ಮ ಪಾತ್ರೇಲಿ ಕಾಯಿಸೋಣ” ಎಂದೆ.

ಸಾಹುಕಾರರು ವ್ಯಾಪಾರದ ಗುಂಗಿನಲ್ಲಿದ್ದರು. ಭೇಷ್ ಎಂದರು. ಇಬ್ಬರು ಬುದ್ಧಿವಂತ ಗಂಡಸರು ಕೂತು ಕಾಫಿ ಕುಡಿಯುತ್ತಾ ಈ ತೀರ್ಮಾನಕ್ಕೆ ಬಂದೆವು. ನಾನಂತೂ ಹೋಗಿ, ಪಾತ್ರೆಯ ಹೊಟ್ಟೆಯ ಮೇಲೆ ಅಂದವಾಗಿ ‘ಗೃಹಪ್ರವೇಶದ ನೆನಪಿಗೆ’ ಎಂದು ಕೊರೆದೆ. ಎಷ್ಟೋ ವರ್ಷ ಕೊರೆದ ಮಾತು. ಅದರ ಅರ್ಥ ಆಗಲೂ ತಲೆಗೆ ಹೋಗಲಿಲ್ಲ.

ಗೃಹಪ್ರವೇಶದ ದಿನ ಬೆಳಗಿನ ಜಾವ ಪದ್ಮ ಸೀರೆ ಉಡುತ್ತಿದ್ದವಳು, ಬಾಗಿಲಲ್ಲಿ ಹೊಳೆಯುತ್ತಾ ಕೂತಿದ್ದ ಪಾತ್ರೆಯನ್ನು ನೋಡಿ, ಇದೇಕೆ ಎಂದಳು. ಹಾಲು ಕಾಯಿಸುವುದು ಇದರಲ್ಲೇ ಎಂದೆ. ಅವಳ ಕೈ ಸೆರಗಿನ ಮೇಲೇ ನಿಂತಿತು.

“ಅಲ್ಲಾ ಕಣ್ರೀ, ಗೃಹಪ್ರವೇಶಕ್ಕೆ ಇದರಲ್ಲಿ ಹ್ಯಾಗೆ...”

“ನೀನು ಸುಮ್ನಿರು. ನಾನು ನೋಡ್ಕೋತೀನಿ.”

ಹೊಸ ಮನೆಯ ಬಾಗಿಲಿಗೆ ಮಾವಿನ ತೋರಣ, ಒಳಗೆ ಸುಣ್ಣದ ವಾಸನೆಯ ಜೊತೆಗೆ ಸಾಂಬ್ರಾಣಿ. ಪೂಜೆಗೆ ಬಂದ ಅಯ್ನೋರು ಹೊತ್ತಾಯಿತು ಎಂದರು. ಸಾಹುಕಾರರ ಮನೆಯವರು ಒಲೆಗೆ ಕುಂಕುಮ ಹಚ್ಚಿ, ನನ್ನ ಪಾತ್ರೆಗೆ ಹಾಲು ಸುರಿದು ಹೊತ್ತಿಸಿದರು. ಅಡುಗೆಮನೆ ತುಂಬ ಜನ. ಮುಂದಿನ ಸಾಲಿನಲ್ಲಿ ನಾನೇ ಕರೆದು ನಿಲ್ಲಿಸಿದ ವ್ಯಾಪಾರಿಗಳು. ಒಲೆಯ ಪಕ್ಕದ ಕುರ್ಚಿಯಲ್ಲಿ ಅಮ್ಮಾವ್ರು, ಕೈಮುಗಿದುಕೊಂಡು, ಕಣ್ಣು ಹಾಲಿನ ಮೇಲೆ.

ಹಾಲು ಗುಳ್ಳೆ ಬಿಟ್ಟಿತು. ಉಬ್ಬಿತು. ಹಾಲು ಕೊರಳಿಗೆ ಏರಿತು, ತಟ್ಟೆಯಲ್ಲಿ ಒಂದು ಸುತ್ತು ಹೊಡೆಯಿತು, ತೂತುಗಳಿಂದ ಇಳಿದು ಒಳಗೆ ಹೋಯಿತು. ಮತ್ತೆ ಏರಿತು. ಮತ್ತೆ ಇಳಿಯಿತು. ಮಂಡ್ಯದ ವ್ಯಾಪಾರಿಯೊಬ್ಬರು ಮೆಚ್ಚಿಗೆಯಿಂದ ತಲೆದೂಗಿದರು. ನಾನು ಎದೆಯುಬ್ಬಿಸಿಕೊಂಡು ಅಮ್ಮಾವ್ರ ಕಡೆ ತಿರುಗಿದೆ.

ಅವರ ಮುಗಿದ ಕೈ ನಿಧಾನವಾಗಿ ಮಡಿಲಿಗೆ ಇಳಿಯುತ್ತಿತ್ತು.

ಆಗ ಹೊಳೆಯಿತು. ವರ್ಷವಿಡೀ ಹಾಲು ಉಕ್ಕಬಾರದು ಎಂದು ಗೊಣಗುವ ಇದೇ ಹೆಂಗಸರು, ಹಾಲು ಉಕ್ಕಲೇಬೇಕು ಎಂದು ಕೈಮುಗಿದು ಕಾಯುವ ದಿನ ಒಂದಿದೆ. ಆ ದಿನ ಇವತ್ತು! ನಾನು ಅಷ್ಟೊಂದು ಮನೆ ನೋಡಿದ್ದೆ. ಒಂದನ್ನಾದರೂ ಗೃಹಪ್ರವೇಶದ ದಿನ ನೋಡಿರಲಿಲ್ಲ.

“ಇನ್ನೂ ಉಕ್ಕಲಿಲ್ವೇ?” ಎಂದರು ಅಯ್ನೋರು.

ಸಾಹುಕಾರರು ನನ್ನ ಕಡೆ ನೋಡಿದರು. “ನಾಗರಾಜು, ಉಕ್ಕಿಸಿ” ಎಂದರು. ಮೂರನೆಯ ಪದ ಆಡಲಿಲ್ಲ.

ಉರಿ ದೊಡ್ಡದು ಮಾಡಿದೆ. ಹಾಲು ಇನ್ನಷ್ಟು ಚುರುಕಾಗಿ ಏರಿ, ಇನ್ನಷ್ಟು ಚುರುಕಾಗಿ ಇಳಿಯಿತು. ಇನ್ನೊಂದು ಚೊಂಬು ಹಾಲು ಸುರಿದೆ. ತಣ್ಣನೆಯ ಹಾಲು ಬಿದ್ದು ಇದ್ದ ಕುದಿಯೂ ನಿಂತಿತು. ಹಿತ್ತಲಲ್ಲಿ ಹೋಳಿಗೆಗೆಂದು ಕಲಸಿಟ್ಟಿದ್ದ ಕಣಕ ತಂದು ತೂತುಗಳಿಗೆಲ್ಲ ಮೆತ್ತಿದೆ. ಕಣಕ ಬಿಸಿಗೆ ಕಳಚಿ, ಹಾಲಿಗೆ ಬಿದ್ದು, ತಳ ಹಿಡಿದು ಸೀದಿತು. ಹೊಸ ಮನೆಯ ತುಂಬ ಸೀದ ಹಾಲಿನ ವಾಸನೆ. ನನ್ನ ಬಾಳಿನಲ್ಲಿ ನಾನು ಮಾಡಿದ ಒಂದೇ ಒಂದು ವಸ್ತು ನಾನು ಹೇಳಿದ ಹಾಗೇ ಕೆಲಸ ಮಾಡಿತು. ಅದೂ ಆ ದಿನ.

ಅಮ್ಮಾವ್ರು ಸೆರಗಿನಿಂದ ಕಣ್ಣೊರೆಸಿಕೊಂಡು, “ನಾನು ಮಂಡಿ ಮೊಹಲ್ಲಾಕ್ಕೇ ಹೋಗ್ತೀನಿ ಬಿಡಪ್ಪ” ಎಂದು ಮಗನಿಗೆ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆಲುದನಿಗೆ ನನಗೆ ನಾಚಿಕೆಯಾಯಿತು. ಹಾಸ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ನೆಲ ಬಿರಿದು ನುಂಗಬಾರದೇ ಎನಿಸಿತು.

ಜನರ ನಡುವೆ ದಾರಿ ಮಾಡಿಕೊಂಡು ಪದ್ಮ ಮುಂದೆ ಬಂದಳು. ನನ್ನ ಕೈಯಿಂದ ಇಕ್ಕಳ ತೆಗೆದುಕೊಂಡಳು.

“ನೀವು ಸ್ವಲ್ಪ ಆಚೆ ಹೋಗಿ” ಎಂದಳು. “ನಾನು ನೋಡ್ಕೋತೀನಿ.”

ಅವಳು ಅಮ್ಮಾವ್ರ ಹತ್ತಿರ ಬಗ್ಗಿ, ನಿಮ್ಮ ಹಳೇ ಮನೆಯ ಹಾಲಿನ ಪಾತ್ರೆ ಸಾಮಾನಿನ ಜೊತೆ ಬಂದಿದೆಯೇ ಎಂದು ಕೇಳಿದಳು. ಬಂದಿತ್ತು. ಮೈಯೆಲ್ಲ ನೆಗ್ಗಿದ, ಕಲಾಯಿ ಮಾಸಿದ ಹಿತ್ತಾಳೆ ಪಾತ್ರೆ. ಅದಕ್ಕೆ ಕಂಠದವರೆಗೆ ಹಾಲು ಸುರಿದು, ಒಲೆಯ ಮೇಲೆ ಮೂಡಲ ಕಡೆಗೆ ಒಂದಿಷ್ಟೇ ಓರೆಯಾಗಿ ಇಟ್ಟು, ಅಮ್ಮಾವ್ರ ಕೈಯಲ್ಲೇ ಮತ್ತೆ ಹೊತ್ತಿಸಿದಳು. ಹಾಲು ಹೆಚ್ಚು ಹೊತ್ತು ಕಾಯಿಸಲಿಲ್ಲ. ಮೂಡಲಿಗೇ ಉಕ್ಕಿ, ಹೊಸ ಒಲೆ ಆರಿಸಿ, ಹೊಸ ಕಟ್ಟೆ ತುಂಬ ಹರಿಯಿತು. ಅಮ್ಮಾವ್ರು ನಕ್ಕರು. ಎಲ್ಲರೂ ಕೈಮುಗಿದರು. ಮುಗಿಯದೆ ನಿಂತಿದ್ದವನು ನಾನೊಬ್ಬನೇ, ಏಕೆಂದರೆ ನನ್ನ ಎರಡೂ ಕೈಗೆ ಕಣಕ ಮೆತ್ತಿತ್ತು.

ಊಟದ ಹೊತ್ತಿಗೆ ವ್ಯಾಪಾರಿಗಳು ತಮ್ಮ ಅಭಿಪ್ರಾಯ ತಿಳಿಸಿದರು. ಪಾತ್ರೆಯೇನೋ ಬಹಳ ಚೆನ್ನಾಗಿದೆ. ಆದರೆ ಜನ ಪಾತ್ರೆ ಅಂಗಡಿಗೆ ಬರುವುದೇ ಹೆಚ್ಚಾಗಿ ಮದುವೆಗೆ, ಗೃಹಪ್ರವೇಶಕ್ಕೆ ಕೊಡಲೆಂದು. ಹಾಲು ಉಕ್ಕದ ಪಾತ್ರೆಯನ್ನು ಯಾರು ಯಾರ ಮನೆಗೆ ಕೊಟ್ಟಾರು, ಶತ್ರುಗಳಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲವಲ್ಲ ಎಂದರು. ನಾನು ತಲೆ ತಗ್ಗಿಸಿ ಹೋಳಿಗೆ ತಿಂದೆ. ಹೋಳಿಗೆಯೂ ಲೆಕ್ಕಕ್ಕಿಂತ ಕಡಿಮೆ ಬಂದಿತ್ತು, ಕಣಕ ಸಾಲದಾಗಿತ್ತಂತೆ.

ಆಮೇಲೆ ಕೆಲವು ದಿನ ಸಾಹುಕಾರರು ನನ್ನೊಡನೆ ಮಾತಾಡಲಿಲ್ಲ. ಒಂದು ಸೋಮವಾರ ನನ್ನ ಮೇಜಿನ ಹತ್ತಿರ ಬಂದರು. ನಾನು ಎದ್ದು ನಿಂತೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಬೈಯಲಿಲ್ಲ.

“ನಾಗರಾಜು, ನಾಳೆಯಿಂದ ನೀವು ಅಂಗಡಿ ನೋಡ್ಕೊಳ್ಳಿ” ಎಂದು ಹೇಳಿ ಹೋದರು.

ನನ್ನ ಕಣ್ಣು ತೇವವಾಯಿತು. ಎಂಥ ದೊಡ್ಡ ಮನಸ್ಸು! ಇಷ್ಟಾದರೂ ನನ್ನ ವಿದ್ಯೆಯ ಮೇಲೆ ನಂಬಿಕೆ ಕಳೆದುಕೊಳ್ಳದೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಮನೆಗಳನ್ನು ನೋಡಿದ್ದಾಯಿತು, ಇನ್ನು ಅಂಗಡಿ. ಗಿರಾಕಿಗಳು ಎಲ್ಲಿ ತಡವರಿಸುತ್ತಾರೆ, ಯಾವ ಪಾತ್ರೆ ಎತ್ತಿ ಯಾವುದನ್ನು ಕೆಳಗಿಡುತ್ತಾರೆ, ಎಲ್ಲ ನೋಡಬಹುದು. ನಾನು ಸಿಹಿ ಕಟ್ಟಿಸಿಕೊಂಡು ಮನೆಗೆ ಹೋಗಿ ಪದ್ಮನಿಗೆ ಸವಿಸ್ತಾರವಾಗಿ ವಿವರಿಸಿದೆ. ಅವಳು ಸೊಪ್ಪು ತೊಳೆಯುತ್ತಾ ಕೇಳಿಸಿಕೊಂಡಳು. ತೊಳೆಯುತ್ತಿದ್ದದ್ದು ಉಕ್ಕದ ಉಕ್ಕಿನ ಪಾತ್ರೆಯಲ್ಲಿ. ಸಾಹುಕಾರರು ಅದನ್ನು ನಮಗೇ ಕೊಟ್ಟು ಕಳಿಸಿದ್ದರು. ಬಗ್ಗಿಸಿದರೆ ಸೊಪ್ಪು ಕೊರಳಿನಲ್ಲೇ ನಿಂತು, ನೀರು ತೂತುಗಳಿಂದ ಸೊಗಸಾಗಿ ಬಸಿಯುತ್ತದೆ.

“ಅವರು ಅಂದಿದ್ದು ಏನು, ಇನ್ನೊಂದ್ಸಲ ಹೇಳಿ” ಎಂದಳು.

“ಅಂಗಡಿ ನೋಡ್ಕೊಳ್ಳಿ ಅಂದ್ರು.”

ಪದ್ಮ ಸೊಪ್ಪನ್ನು ಕೆಳಗಿಟ್ಟಳು. ನನ್ನನ್ನು ನೋಡಿದಳು. ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ಕೋಪವಿರಲಿಲ್ಲ.

“ರೀ, ಅವರು ನೋಡೋಕೆ ಹೇಳಿಲ್ಲ ಕಣ್ರೀ. ನೋಡ್ಕೊಳ್ಳೋಕೆ ಹೇಳಿದಾರೆ.”

ಸಿಹಿಯ ಪೊಟ್ಟಣ ನನ್ನ ಕೈಯಲ್ಲೇ ಇತ್ತು.

ಮಾರನೆಯ ದಿನ ಬೆಳಿಗ್ಗೆ ಮಂಡಿ ಮೊಹಲ್ಲಾದ ಅಂಗಡಿಯ ಬಾಗಿಲು ತೆರೆದು, ಹಳೆಯ ಮೂಲೆಯಲ್ಲಿ ಕೂತು, ಕೊರೆಯುವ ಮಿಷನ್ನಿನ ಧೂಳು ಕೊಡವಿದೆ. ಮೊದಲ ಗಿರಾಕಿಯಾಗಿ ಬಂದವರು ನಮ್ಮ ಎದುರು ಮನೆಯ ಪುಟ್ಟಮ್ಮ. ತಂಗಿಯ ಮನೆಯ ಗೃಹಪ್ರವೇಶಕ್ಕೆ ಹಾಲಿನ ಪಾತ್ರೆ ಬೇಕಿತ್ತು. ಒಂದು ಮಾಮೂಲಿ ಪಾತ್ರೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದ್ರಲ್ಲಿ ಆಲು ಉಕ್ತದಾ ಸಾ?” ಎಂದರು.

“ಉಕ್ಕುತ್ತೆ ಕಣಮ್ಮ. ಅದಕ್ಕೆ ನಾನೇ ಸಾಕ್ಷಿ.”

ಹೆಸರು ಹಾಕುವುದಕ್ಕೆ ಹೊತ್ತಾಗುತ್ತದೆ ಎಂದೆ. ಅಷ್ಟರಲ್ಲಿ ಮಾರ್ಕೆಟ್ಟಿಗೆ ಹೋಗಿ ಬರುತ್ತೇನೆಂದು ಅವರು ತುಂಬಿದ ಚೀಲವನ್ನು ನನ್ನ ಕಾಲ ಹತ್ತಿರ ಇಟ್ಟರು. ಎರಡು ಹೆಜ್ಜೆ ಹೋದವರು ಏನೋ ನೆನಪಾಗಿ ತಿರುಗಿ ನಿಂತು, ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಬರೀ ನೋಡ್ತಾ ಕೂತ್ಕೋಬ್ಯಾಡಿ ಸಾ. ನೋಡ್ಕೊಳಿ” ಎಂದರು.

ನೋಡಿಕೊಂಡೆ.